ಗಾಯದ ಚೀಟಿ ಎಲ್ಲಿಗೆ ತಲುಪಬೇಕು?

ತಲೆನೋವು, ಎದೆಬಡಿತ, ನಿದ್ದೆ ಇಲ್ಲ, ಹೊಟ್ಟೆಯಲ್ಲಿ ಉರಿ. ಈ ನಾಲ್ಕನ್ನೂ ಒಟ್ಟಿಗೆ ಹೇಳುವ ಸಹೋದರಿಯ ನಾಡಿ ಹಿಡಿದರೆ ಸಾಲದು, ಮನೆಯ ಸ್ಥಿತಿಯನ್ನೂ ಕೇಳಬೇಕು. ಯೂನಾನಿಯಲ್ಲಿ ಆರೋಗ್ಯಕ್ಕೆ ಅನಿವಾರ್ಯವೆಂದು ಎಣಿಸುವ ಆರು ಕಾರಣಗಳಲ್ಲಿ ಗಾಳಿ, ಆಹಾರಗಳಷ್ಟೇ ಅಲ್ಲ, ನಿದ್ದೆ-ಎಚ್ಚರವೂ ಮನಸ್ಸಿನ ಚಲನೆ-ವಿಶ್ರಾಂತಿಯೂ ಇವೆ. ಹೊಡೆತದ ಭಯವಿರುವ ಮನೆಯಲ್ಲಿ ಇವೆರಡೂ ಕೆಡುತ್ತವೆ. ಅಲ್ಲಿ ಖಮೀರಾ ಗಾವ್‌ಜಬಾನ್ ಎಷ್ಟು ಡಬ್ಬಿ ಮುಗಿದರೂ ಕಾರಣ ಹಾಗೆಯೇ ಉಳಿಯುತ್ತದೆ.

ಇದು ಎಲ್ಲೋ ಒಂದೆರಡು ಮನೆಯ ಮಾತಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಶೇ. 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ಅದರ ಹಿಂದಿನ ಸಮೀಕ್ಷೆಯಲ್ಲಿ ಇದು ಶೇ. 21ರ ಹತ್ತಿರವಿತ್ತು. ಇಡೀ ದೇಶದಲ್ಲಿ ಹಿಂಸೆಗೊಳಗಾದವರ ಪೈಕಿ ಸಹಾಯ ಕೇಳಿದವರು ಶೇ. 14 ಮಾತ್ರ. ಉಳಿದವರು ವೈದ್ಯರ ಬಳಿ ಬಂದರೂ "ಬಾತ್‌ರೂಮಿನಲ್ಲಿ ಜಾರಿದೆ" ಎನ್ನುತ್ತಾರೆ. ಪಕ್ಕದಲ್ಲಿ ಅತ್ತೆಯೋ ಗಂಡನೋ ಕೂತಿರುವಾಗ ಇನ್ನೇನು ಹೇಳಿಯಾರು?

ಅದಕ್ಕೇ ನಿಮಗೆ ಒಂದು ವಿಷಯ ಗೊತ್ತಿರಬೇಕು. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆಯ 2005ರ ಕಾಯ್ದೆ ಎಲ್ಲ ಧರ್ಮದವರಿಗೂ ಅನ್ವಯಿಸುತ್ತದೆ. ತಾಯಿ, ಸಹೋದರಿಗೂ ಅದರ ರಕ್ಷಣೆ ಉಂಟು. ಇದರ ನಿಯಮದ ಪ್ರಕಾರ, ಮೊದಲು ದೂರು ಕೊಟ್ಟಿಲ್ಲ ಎಂಬ ಕಾರಣಕ್ಕೆ ಸರ್ಕಾರ ಗೊತ್ತುಪಡಿಸಿದ ಆಸ್ಪತ್ರೆ ಚಿಕಿತ್ಸೆ ನಿರಾಕರಿಸುವಂತಿಲ್ಲ. ಕೌಟುಂಬಿಕ ಘಟನಾ ವರದಿ ಅಷ್ಟರೊಳಗೆ ಆಗಿರದಿದ್ದರೆ ಆಸ್ಪತ್ರೆಯ ಮುಖ್ಯಸ್ಥರೇ ಅದನ್ನು ತುಂಬಿ ಸಂರಕ್ಷಣಾಧಿಕಾರಿಗೆ ಕಳುಹಿಸಬೇಕು. ವೈದ್ಯಕೀಯ ವರದಿಯ ಪ್ರತಿಯನ್ನು ನಿಮಗೆ ಉಚಿತವಾಗಿ ಕೊಡಬೇಕು. ಕೇಳಿ ಪಡೆಯಿರಿ, ಅದನ್ನು ತವರಿನಲ್ಲಿ ಅಥವಾ ನಂಬಿಕೆಯವರ ಬಳಿ ಇಡಿ. ನೀಲಿಗಟ್ಟಿದ ಗುರುತು ಎರಡು ವಾರದಲ್ಲಿ ಮಾಯವಾಗುತ್ತದೆ, ಕಾಗದ ಉಳಿಯುತ್ತದೆ.

ಕುತ್ತಿಗೆ ಹಿಸುಕಿದ್ದರೆ ಮಾತ್ರ ಒಂದು ಗಂಟೆಯೂ ಕಾಯಬೇಡಿ. ಹೊರಗೆ ಗುರುತಿಲ್ಲದಿದ್ದರೂ ಒಳಗೆ ಊತ, ರಕ್ತನಾಳಕ್ಕೆ ಪೆಟ್ಟು ಆಗಿರಬಹುದು. ಧ್ವನಿ ಒಡೆಯುವುದು, ನುಂಗಲು ಕಷ್ಟ, ತಲೆಸುತ್ತು ಎಷ್ಟೋ ಗಂಟೆ ಕಳೆದು ಕಾಣಿಸಿಕೊಳ್ಳುವುದುಂಟು. ಗರ್ಭಿಣಿಯ ಹೊಟ್ಟೆಗೆ ಪೆಟ್ಟು ಬಿದ್ದಾಗಲೂ ಅಷ್ಟೇ. ಇಂಥದ್ದಕ್ಕೆ ನನ್ನಂಥ ಹಕೀಮರ ದವಾಖಾನೆಯಲ್ಲ, ದೊಡ್ಡ ಆಸ್ಪತ್ರೆಯೇ ಬೇಕು.

ಹೀಗೆ ಹೊರಟ ಚೀಟಿ ಯಾರ ಮೇಜಿಗೆ ತಲುಪುತ್ತದೆ? ನಮ್ಮ ರಾಜ್ಯದ ತಾಲೂಕುಗಳಲ್ಲಿ ಸಂರಕ್ಷಣಾಧಿಕಾರಿ ಎಂದರೆ ಸಾಮಾನ್ಯವಾಗಿ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದರೆ ಸಿಡಿಪಿಒ. ಅಂಗನವಾಡಿಗಳನ್ನು ನೋಡಿಕೊಳ್ಳುವವರೂ ಅವರೇ. ಮೊಟ್ಟೆಯ ಲೆಕ್ಕ, ಕಟ್ಟಡದ ಲೆಕ್ಕದ ನಡುವೆ ಹೊಡೆತ ತಿಂದವಳ ಕಡತಕ್ಕೆ ಎಷ್ಟು ಹೊತ್ತು ಸಿಕ್ಕೀತು ಎಂದು ನೀವೇ ಊಹಿಸಿ. ಅರ್ಜಿ ಬಂದ ಮೂರು ದಿನದೊಳಗೆ ಮೊದಲ ವಿಚಾರಣೆ ನಿಗದಿಯಾಗುವುದು ವಾಡಿಕೆಯಾಗಬೇಕು, 60 ದಿನದಲ್ಲಿ ಮುಗಿಸಲು ಮ್ಯಾಜಿಸ್ಟ್ರೇಟರು ಯತ್ನಿಸಬೇಕು ಎನ್ನುತ್ತದೆ ಕಾಯ್ದೆ. ಅಧಿಕಾರಿಗಳೇ ಸಾಲದಿದ್ದರೆ ಈ ಗಡುವು ಕಾಗದದ ಮೇಲೇ ಇರುತ್ತದೆ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ನಮ್ಮವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ, ಜಿಲ್ಲೆ ಮತ್ತು ತಾಲೂಕು ಮಟ್ಟದಲ್ಲಿ ಸಂರಕ್ಷಣಾಧಿಕಾರಿಗಳು ಇಲ್ಲದ ಕಡೆ ಆರು ವಾರದಲ್ಲಿ ಗೊತ್ತುಮಾಡಬೇಕೆಂದು ರಾಜ್ಯಗಳಿಗೆ ಆದೇಶಿಸಿತು. ಕಾಯ್ದೆ ಜಾರಿಗೆ ಬಂದದ್ದು 2006ರ ಅಕ್ಟೋಬರಿನಲ್ಲಿ! ಪ್ರಚಾರ, ಅಧಿಕಾರಿಗಳ ತರಬೇತಿ, ಆರೋಗ್ಯ-ಪೊಲೀಸ್ ಇಲಾಖೆಗಳ ಹೊಂದಾಣಿಕೆ ಸರ್ಕಾರದ ಕರ್ತವ್ಯ ಎಂದು ಅದರ 11ನೇ ಕಲಮಿನಲ್ಲೇ ಬರೆದಿದೆ.

ಜಮಾಅತಿನ ಹಿರಿಯರಿಗೂ ಒಂದು ಮಾತು. ರಾಜಿ ಪಂಚಾಯಿತಿಗೆ ಕೂರುವ ಮೊದಲು ಆಕೆಯನ್ನು ಆಸ್ಪತ್ರೆಗೆ ಕಳುಹಿಸಿ, 181 ಸಹಾಯವಾಣಿಯ ಸಂಖ್ಯೆಯನ್ನು ಮಸೀದಿಯ ಫಲಕದಲ್ಲಿ ಬರೆಸಿ. ಆದಾಯ ಎಷ್ಟೇ ಇರಲಿ, ಮಹಿಳೆಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆಂದೂ ತಿಳಿಸಿ. ಜೊತೆಗೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ ಮಾಹಿತಿ ಹಕ್ಕಿನಡಿ 10 ರೂಪಾಯಿಯ ಒಂದು ಅರ್ಜಿ ಹಾಕಿ: ನಮ್ಮ ತಾಲೂಕಿನ ಸಂರಕ್ಷಣಾಧಿಕಾರಿ ಯಾರು, ಕಳೆದ ವರ್ಷ ಎಷ್ಟು ಘಟನಾ ವರದಿಗಳು ಬಂದವು, ಅವುಗಳಲ್ಲಿ ಆಸ್ಪತ್ರೆಗಳು ಕಳುಹಿಸಿದ್ದು ಎಷ್ಟು? 30 ದಿನದೊಳಗೆ ಅವರು ಉತ್ತರ ಕೊಡಬೇಕು.