ಬೆಡ್‌ಲೈನರ್‌ಗೆ 1,295 ಡಾಲರ್: ಸಹಿ ಹಾಕೋ ಮುಂಚೆ ಒಂದು ಲೆಕ್ಕ

ಹೋದ ಭಾನುವಾರ ಕ್ಯಾಂಪ್‌ಬೆಲ್ ಅವೆನ್ಯೂ ಸಂತೆಯಲ್ಲಿ ಸೊಪ್ಪು ಆರಿಸುತ್ತಾ ನಿಂತಿದ್ದಾಗ ಗೆಳೆಯನೊಬ್ಬ ಫೋನ್ ಮಾಡಿದ. ಡೀಲರ್‌ನ ಫೈನಾನ್ಸ್ ರೂಮಿನಲ್ಲಿ ಕೂತಿದ್ದ, ದನಿ ತಗ್ಗಿಸಿ ಮಾತಾಡುತ್ತಿದ್ದ.

"ಸ್ಪ್ರೇ ಬೆಡ್‌ಲೈನರ್ 1,295 ಅಂತಿದ್ದಾರೆ ಕಣೋ. ತಿಂಗಳಿಗೆ ಬರೀ 22 ಡಾಲರ್ ಜಾಸ್ತಿ ಆಗುತ್ತಂತೆ. ಹಾಕಿಸಿಬಿಡಲಾ?"

"ಸಾಲ ಎಷ್ಟು ತಿಂಗಳಿಗೆ?"

"72. ಬಡ್ಡಿ 7%."

22 ಅನ್ನು 72ರಿಂದ ಗುಣಿಸಿ ಅಂದೆ. 1,584 ಡಾಲರ್ ಆಯಿತು. ಸೇಲ್ಸ್ ಟ್ಯಾಕ್ಸ್ ಇನ್ನೂ ಸೇರಿಸಿರಲಿಲ್ಲ, ನಮ್ಮ ಕೌಂಟಿಯಲ್ಲಿ ಅದು 9%ಕ್ಕಿಂತ ಮೇಲೆಯೇ ಇದೆ. ಅದೇ ಕೆಲಸವನ್ನು ಹೊರಗಿನ ಅಂಗಡಿಯಲ್ಲಿ ಕೈಯಿಂದ ದುಡ್ಡು ಕೊಟ್ಟು ಮಾಡಿಸಿದರೆ ಸಾಧಾರಣವಾಗಿ 500ರಿಂದ 800 ಡಾಲರ್ ಆಗುತ್ತದೆ. ದೊಡ್ಡ ಬೆಡ್ ಆಗಿದ್ದರೆ, ಇಲ್ಲವೇ ಮೇಲಿನ ಅಂಚಿಗೂ ಹೊಡೆಸಿದರೆ ಇನ್ನಷ್ಟು. ಗಾಡಿ ಕಂಪನಿಯಿಂದಲೇ ಹಾಕಿ ಬರುವ ಆಪ್ಷನ್ ಕೂಡ ಬಹಳ ಸಲ ಇದೇ ಬೆಲೆಯ ಆಸುಪಾಸಿನಲ್ಲಿ ಸಿಗುತ್ತದೆ. "ತಿಂಗಳಿಗೆ ಬರೀ ಇಷ್ಟು" ಅನ್ನುವ ಮಾತು ಕೇಳಿದ ಕೂಡಲೇ ಫೋನಿನ ಕ್ಯಾಲ್ಕುಲೇಟರ್ ತೆಗೆಯಿರಿ.

ಹಾಗಂತ ನಾನು ಬೆಡ್‌ಲೈನರ್ ವಿರೋಧಿ ಅಲ್ಲ. ನನ್ನ ಪಿಕಪ್‌ಗೆ ನಾನೇ ಹಾಕಿಸಿದ್ದೇನೆ, ಅದೂ ಒಂದು ಪಾಠ ಕಲಿತ ಮೇಲೆ. ಗಾಡಿ ಸೆಕೆಂಡ್ ಹ್ಯಾಂಡ್, ಬೆಡ್ ಸ್ಟೀಲಿನದು. ಕೊಂಡಾಗಲೇ ಒಳಗೆ ಪ್ಲಾಸ್ಟಿಕ್ಕಿನ ಡ್ರಾಪ್-ಇನ್ ಲೈನರ್ ಕೂತಿತ್ತು. ನೋಡಲು ಅಚ್ಚುಕಟ್ಟು. ಮೂರು ವರ್ಷದ ಮೇಲೆ ಅದನ್ನು ಎತ್ತಿ ನೋಡಿದೆ. ಕೆಳಗೆ ಒದ್ದೆ ಮರಳು, ಕೊಳೆತ ಎಲೆ, ಅಲ್ಲಲ್ಲಿ ತುಕ್ಕು. ಪ್ಲಾಸ್ಟಿಕ್ ಅಲುಗಾಡಿ ಅಲುಗಾಡಿ ಬಣ್ಣ ತಿಕ್ಕಿಹೋಗಿತ್ತು, ಅದರಡಿ ಸೇರಿದ ನೀರು ಆರಲು ದಾರಿಯೇ ಇರಲಿಲ್ಲ. ತುಕ್ಕು ಕೆರೆಸಿ ಪ್ರೈಮರ್ ಹೊಡೆಸುವುದಕ್ಕೆ 350 ಡಾಲರ್, ಆಮೇಲೆ ಸ್ಪ್ರೇ ಲೈನರ್‌ಗೆ 680. ಗಾಡಿ ಕೊಂಡ ದಿನವೇ ಸ್ಪ್ರೇ ಮಾಡಿಸಿದ್ದರೆ ಆ 350 ಉಳಿಯುತ್ತಿತ್ತು.

ಸ್ಪ್ರೇ ಲೈನರ್‌ನ ಅನುಕೂಲ ಇರುವುದೇ ಇಲ್ಲಿ. ಪಾಲಿಯುರೆಥೇನ್ ಅಥವಾ ಪಾಲಿಯೂರಿಯಾ ಅನ್ನುವ ಎರಡು ದ್ರವಗಳ ಮಿಶ್ರಣವನ್ನು ನೇರವಾಗಿ ಬೆಡ್ ಮೇಲೆಯೇ ಹೊಡೆಯುತ್ತಾರೆ, ಅದು ಗಟ್ಟಿಯಾಗಿ ಚರ್ಮದ ಹಾಗೆ ಅಂಟಿಕೊಳ್ಳುತ್ತದೆ. ನಡುವೆ ಜಾಗವೇ ಇಲ್ಲದ ಮೇಲೆ ನೀರು ನಿಲ್ಲುವುದೆಲ್ಲಿ? ಲೈನ್-ಎಕ್ಸ್, ರೈನೋ ಲೈನಿಂಗ್ಸ್ ಅಂತ ಹೆಸರುಗಳನ್ನು ಕೇಳಿರುತ್ತೀರಿ. ಹೆಸರಿನ ಮೇಲೆ ತುಂಬ ತಲೆ ಕೆಡಿಸಿಕೊಳ್ಳಬೇಡಿ, ಬಾಳಿಕೆ ನಿಂತಿರುವುದು ಹೊಡೆಯುವ ಮುಂಚಿನ ತಯಾರಿಯ ಮೇಲೆ. ಊರಲ್ಲಿ ಹಳೆ ಗೋಡೆ ಕೆರೆಯದೆ ಸುಣ್ಣ ಹೊಡೆದರೆ ಏನಾಗುತ್ತೆ ಗೊತ್ತಲ್ಲ, ಇದೂ ಹಾಗೇ. ಬೆಡ್ ತೊಳೆದು, ಎಣ್ಣೆ ಜಿಡ್ಡು ತೆಗೆದು, ಮೂಲೆ ಮೂಲೆಗೂ ಉಜ್ಜಿ ಒರಟು ಮಾಡದಿದ್ದರೆ ಎಂಥ ದುಬಾರಿ ಲೇಪವೂ ಏಳುತ್ತದೆ. ನನ್ನ ಪಕ್ಕದ ಮನೆಯವರು 150 ಡಾಲರ್‌ನ ಕಿಟ್ ತಂದು ಒಂದು ಮಧ್ಯಾಹ್ನದಲ್ಲಿ ರೋಲರ್‌ನಿಂದ ತಾವೇ ಬಳಿದರು. ಎರಡನೇ ಬೇಸಿಗೆಗೆ ಅಂಚೆಲ್ಲ ಹಪ್ಪಳದಂತೆ ಎದ್ದಿತ್ತು. ಕಿಟ್ ಕೆಟ್ಟದ್ದಲ್ಲ, ಉಜ್ಜುವ ತಾಳ್ಮೆ ಇರಲಿಲ್ಲ. (ನೀವೂ ಮಾಡುವುದಾದರೆ ಮಾಸ್ಕ್ ವಿಷಯದಲ್ಲಿ ಉದಾಸೀನ ಬೇಡ. ಇಂಥ ಎಷ್ಟೋ ಲೇಪಗಳಲ್ಲಿ ಐಸೋಸಯನೇಟ್ ಇರುತ್ತದೆ, ಶ್ವಾಸಕೋಶಕ್ಕೆ ಒಳ್ಳೆಯದಲ್ಲ.)

ನನ್ನದಕ್ಕೆ ಈಗ ಆರು ವರ್ಷ. ಹಿತ್ತಲಿಗೆ ಜಲ್ಲಿ, ಗೊಬ್ಬರ, ಹಳೆ ಬೇಲಿಯ ಹಲಗೆ ಎಲ್ಲವನ್ನೂ ಹೇರಿದ್ದೇನೆ. ಗುದ್ದಲಿ ತಾಗಿ ಒಂದು ಕಡೆ ಕಚ್ಚಾಗಿತ್ತು, ಅಷ್ಟಕ್ಕೇ ತೇಪೆ ಹಾಕಿಕೊಟ್ಟರು. ಗ್ಯಾರೇಜ್ ತುಂಬ ಸಾಮಾನಿರುವುದರಿಂದ ಗಾಡಿ ಬಿಸಿಲಲ್ಲೇ ನಿಲ್ಲುತ್ತದೆ, ಹಾಗಾಗಿ ಕಪ್ಪು ಬಣ್ಣ ಬೂದಿಯಾಗಿದೆ. ಅದು ಅಂದದ ಪ್ರಶ್ನೆ ಮಾತ್ರ. ಬಣ್ಣ ಮಾಸದಂತೆ ಮೇಲೊಂದು ಪದರ ಹೊಡೆಯಲು ಹೆಚ್ಚಿನ ದುಡ್ಡು ಕೇಳಿದ್ದರು, ನಾನು ಬೇಡ ಅಂದಿದ್ದೆ. 680 ಡಾಲರ್ ಆರು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಸುಮಾರು 113. ಎರಡೇ ವರ್ಷಕ್ಕೆ ಮಾರಿದ್ದರೆ ವರ್ಷಕ್ಕೆ 340 ಬೀಳುತ್ತಿತ್ತು. ಮಾರುವಾಗ ಲೈನರ್‌ಗೆ ಅಂತ ಯಾರೂ ಬೇರೆ ದುಡ್ಡು ಕೊಡುವುದಿಲ್ಲ, ಗಾಡಿ ಬೇಗ ಹೋಗಬಹುದು ಅಷ್ಟೇ. "ಲೈಫ್‌ಟೈಮ್ ವಾರಂಟಿ" ಕೂಡ ಬಹುತೇಕ ಮೊದಲ ಮಾಲೀಕರಿಗೆ ಮಾತ್ರ. ಬಣ್ಣ ಮಾಸುವುದು ಅದರಲ್ಲಿ ಸೇರಿದೆಯೇ ಅಂತ ಓದಿ ನೋಡಿ.

ಇಷ್ಟೆಲ್ಲ ಹೇಳಿದ ಮೇಲೆ ಗೆಳೆಯನಿಗೆ ನಾನು ಮೊದಲೇ ಕೇಳಬೇಕಿದ್ದ ಪ್ರಶ್ನೆ ಹೊಳೆಯಿತು. "ಅಲ್ಲಯ್ಯಾ, ಯಾವ ಗಾಡಿ?"

"ಟಕೋಮಾ."

ನಗು ಬಂತು. 2005ರ ಮಾಡೆಲ್‌ನಿಂದಲೂ ಟಕೋಮಾದ ಬೆಡ್ ಕಾಂಪೋಸಿಟ್ ವಸ್ತುವಿನದು. ಹೋಂಡಾ ರಿಡ್ಜ್‌ಲೈನ್ ಬೆಡ್ ಕೂಡ ಅದೇ ಜಾತಿ. ಕಾಂಪೋಸಿಟ್‌ಗೆ ತುಕ್ಕೇ ಹಿಡಿಯುವುದಿಲ್ಲ. ಫೋರ್ಡ್ ಎಫ್-150 ಬೆಡ್ 2015ರಿಂದ ಅಲ್ಯೂಮಿನಿಯಂ, ಕೆಂಪು ತುಕ್ಕಿನ ಭಯವಿಲ್ಲ, ಆದರೆ ತಗ್ಗು ಬೀಳುತ್ತದೆ. ಸಿಲ್ವರಾಡೋ, ರಾಮ್‌ನಂಥ ಸ್ಟೀಲ್ ಬೆಡ್‌ಗೆ ನನ್ನ ಮತ ಸ್ಪ್ರೇಗೇ, ಗಾಡಿಯನ್ನು ಐದಾರು ವರ್ಷ ಇಟ್ಟುಕೊಳ್ಳುವುದಾದರೆ. ಮಿಶಿಗನ್, ಟೊರಾಂಟೋ ಕಡೆ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ, ಅಲ್ಲಿನವರು ಇಷ್ಟು ಯೋಚಿಸುವುದೂ ಬೇಡ. ನಮ್ಮ ಕಣಿವೆಯಲ್ಲಿ ಉಪ್ಪಿಲ್ಲ, ಹಿಮವಿಲ್ಲ. ಇಲ್ಲಿ ಟಕೋಮಾ ಬೆಡ್‌ಗೆ ಸಾಮಾನು ಜಾರದಿದ್ದರೆ ಸಾಕು, ಅದಕ್ಕೆ ನೂರು ನೂರೈವತ್ತು ಡಾಲರ್‌ನ ದಪ್ಪ ರಬ್ಬರ್ ಮ್ಯಾಟ್ ಧಾರಾಳವಾಯಿತು. 1,295 ಅಂದರೆ ಮೂಗಿಗಿಂತ ಮೂಗುತಿ ಭಾರ.

ಅವನು ಆ ಸಾಲನ್ನು ಹೊಡೆದುಹಾಕಿಸಿದ. ಫೈನಾನ್ಸ್ ಮ್ಯಾನೇಜರ್ 995ಕ್ಕೆ ಇಳಿದರಂತೆ, ಆಮೇಲೆ 795ಕ್ಕೆ. ಮೊನ್ನೆ ವಾಟ್ಸಾಪ್‌ನಲ್ಲಿ ಫೋಟೋ ಬಂತು: ಹೊಸ ಮ್ಯಾಟ್, ಅದರ ಮೇಲೆ ಎಂಟು ಮೂಟೆ ಗೊಬ್ಬರ. ಕೆಳಗೆ ಒಂದು ಸಾಲು: "ಎಕ್ಸ್‌ಟೆಂಡೆಡ್ ವಾರಂಟಿ ತಗೊಂಡ್ಬಿಟ್ಟೆ ಕಣೋ, ಅದನ್ನ ಕ್ಯಾನ್ಸಲ್ ಮಾಡಬಹುದಾ?"