ಸೊನ್ನೆಯನ್ನು ಅಳೆದವರು

1755ರ ಮಾರ್ಚ್‌ನಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಚಾರ್ಲ್ಸ್‌ಟನ್ ಊರಿನ ವೈದ್ಯ ಜಾನ್ ಲೈನಿಂಗ್‌ಗೆ ಒಂದು ಕಾಗದ ಬರೆದ. ಅದರಲ್ಲಿ ಒಂದು ಪುಟ್ಟ ಪ್ರಯೋಗದ ವಿಷಯವಿತ್ತು. ಬೆಳ್ಳಿಯ ಪಾತ್ರೆಯೊಂದನ್ನು ವಿದ್ಯುತ್ ಸೋರದ ಪೀಠದ ಮೇಲಿಟ್ಟು ಅದಕ್ಕೆ ಆವೇಶ ಕೊಟ್ಟು, ರೇಷ್ಮೆ ದಾರಕ್ಕೆ ಕಟ್ಟಿದ ಬೆಂಡಿನ ಗುಂಡನ್ನು ಅದರೊಳಗೆ ಇಳಿಬಿಟ್ಟಿದ್ದ. ಪಾತ್ರೆಯ ಹೊರಮೈ ಬಳಿ ತಂದಿದ್ದರೆ ಗುಂಡು ಎಳೆತಕ್ಕೆ ಸಿಕ್ಕಿ ವಾಲುತ್ತಿತ್ತು. ಒಳಗೆ ಮಾತ್ರ ಸುಮ್ಮನೆ ನೇತಾಡಿತು, ಯಾವ ಗೋಡೆಯ ಕಡೆಗೂ ಸರಿಯಲಿಲ್ಲ. ತಳಕ್ಕೆ ಮುಟ್ಟಿಸಿ ಮೇಲೆತ್ತಿದರೂ ಅದಕ್ಕೆ ಆವೇಶ ಹತ್ತಿರಲಿಲ್ಲ. ಇದು ವಿಚಿತ್ರ, ಕಾರಣ ನನಗೆ ತಿಳಿಯದು ಎಂದು ಫ್ರಾಂಕ್ಲಿನ್ ಯಾವ ಸಂಕೋಚವೂ ಇಲ್ಲದೆ ಬರೆದ.

ನಮ್ಮ ಎರಡನೇ ಪಿಯುಸಿ ಭೌತವಿಜ್ಞಾನ ಶುರುವಾಗುವುದೇ ವಿದ್ಯುದಾವೇಶ ಮತ್ತು ಕ್ಷೇತ್ರಗಳಿಂದ. ಅಲ್ಲಿ ಮೊದಲು ಬರುವುದು ಕೂಲಂಬ್ ನಿಯಮ: ಎರಡು ಆವೇಶಗಳ ನಡುವಿನ ಬಲ ಅವುಗಳ ಗುಣಲಬ್ಧಕ್ಕೆ ನೇರ ಅನುಪಾತದಲ್ಲಿ, ದೂರದ ವರ್ಗಕ್ಕೆ ವಿಲೋಮ ಅನುಪಾತದಲ್ಲಿ ಇರುತ್ತದೆ. ಎಷ್ಟೋ ಪುಟಗಳಾದ ಮೇಲೆ ಗೌಸ್ ನಿಯಮ, ಅದರ ಬಾಲಕ್ಕೆ ಅಂಟಿಕೊಂಡಂತೆ ‘ಟೊಳ್ಳು ಗೋಳದ ಒಳಗೆ ಕ್ಷೇತ್ರ ಸೊನ್ನೆ’ ಎಂಬ ಫಲಿತಾಂಶ. ಪರೀಕ್ಷೆಯಲ್ಲಿ ಅಂಕ ತರುವ ಒಂದು ಸಾಧನೆ, ಅಷ್ಟೆ. ಇತಿಹಾಸದಲ್ಲಿ ಈ ಕ್ರಮ ತಲೆಕೆಳಗಾಗಿತ್ತು. ಒಳಗಿನ ಸೊನ್ನೆ ಮೊದಲು ಕಣ್ಣಿಗೆ ಬಿತ್ತು, ವಿಲೋಮ ವರ್ಗದ ನಿಯಮ ಅದರೊಳಗಿಂದ ಹೊರಬಂತು. ಆ ನಿಯಮಕ್ಕೆ ಇವತ್ತಿಗೂ ಪ್ರಯೋಗಶಾಲೆಯ ಅತ್ಯಂತ ಗಟ್ಟಿ ಸಾಕ್ಷಿ ಆ ಸೊನ್ನೆಯೇ.

ಫ್ರಾಂಕ್ಲಿನ್ ತನ್ನ ಒಗಟನ್ನು ಇಂಗ್ಲೆಂಡಿನ ಗೆಳೆಯ ಜೋಸೆಫ್ ಪ್ರೀಸ್ಟ್‌ಲಿಗೆ ದಾಟಿಸಿದ. ಪ್ರೀಸ್ಟ್‌ಲಿ ಪಾದ್ರಿ, ಮೇಷ್ಟ್ರು. ಮುಂದೆ ಆಮ್ಲಜನಕದ ಶೋಧದಲ್ಲಿ ಹೆಸರು ಮಾಡಿದವನು. 1766ರ ಡಿಸೆಂಬರ್‌ನಲ್ಲಿ ಅದೇ ಪ್ರಯೋಗವನ್ನು ಮಾಡಿ ನೋಡಿದ, ಗುಂಡು ಅಲುಗಲಿಲ್ಲ. ಮರುವರ್ಷ ಹೊರಬಂದ ತನ್ನ ವಿದ್ಯುತ್ ಚರಿತ್ರೆಯಲ್ಲಿ ಅವನು ಒಂದು ದೊಡ್ಡ ಜಿಗಿತ ಜಿಗಿದ. ಭೂಮಿ ಟೊಳ್ಳು ಚಿಪ್ಪಾಗಿದ್ದರೆ ಅದರೊಳಗಿನ ವಸ್ತು ಯಾವ ಕಡೆಗೂ ಎಳೆಯಲ್ಪಡುವುದಿಲ್ಲ ಎಂದು ನ್ಯೂಟನ್ ತೋರಿಸಿದ್ದಾನೆ; ಗುರುತ್ವ ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುವುದರಿಂದಲೇ ಹಾಗಾಗುತ್ತದೆ; ಹಾಗಾದರೆ ವಿದ್ಯುತ್ ಬಲವೂ ಅದೇ ನಿಯಮ ಪಾಲಿಸುತ್ತಿರಬೇಕಲ್ಲವೇ?

ನ್ಯೂಟನ್‌ನ ವಾದ ಸೊಗಸಾದದ್ದು. ಟೊಳ್ಳು ಗೋಳದ ಒಳಗೆ, ನಡುವಲ್ಲ, ಒಂದು ಗೋಡೆಗೆ ಹತ್ತಿರವಾಗಿ ಒಂದು ಬಿಂದುವನ್ನು ಆರಿಸಿಕೊಳ್ಳಿ. ಅಲ್ಲಿಂದ ಎದುರುಬದುರು ದಿಕ್ಕಿಗೆ ಎರಡು ಕಿರಿದಾದ ಶಂಕುಗಳನ್ನು ಎಳೆಯಿರಿ. ಒಂದು ಹತ್ತಿರದ ಗೋಡೆಯಲ್ಲಿ ಸಣ್ಣ ತುಣುಕನ್ನು ಕತ್ತರಿಸುತ್ತದೆ, ಇನ್ನೊಂದು ದೂರದ ಗೋಡೆಯಲ್ಲಿ ದೊಡ್ಡ ತುಣುಕನ್ನು. ದೂರದ ಗೋಡೆ ಮೂರು ಪಟ್ಟು ಆಚೆಗಿದ್ದರೆ ಅಲ್ಲಿನ ತುಣುಕಿನ ವಿಸ್ತೀರ್ಣ ಒಂಬತ್ತು ಪಟ್ಟು, ಹಾಗಾಗಿ ಆವೇಶವೂ ಒಂಬತ್ತು ಪಟ್ಟು. ಆದರೆ ಮೂರು ಪಟ್ಟು ದೂರದಿಂದ ಬರುವ ಬಲ ಒಂಬತ್ತನೇ ಒಂದು ಪಾಲಾಗುತ್ತದೆ. ಗುಣಿಸಿ ನೋಡಿದರೆ ಎರಡೂ ಕಡೆಯ ನೂಕು ಸಮ. ಗೋಳವನ್ನೆಲ್ಲ ಹೀಗೆ ಜೋಡಿ ಜೋಡಿ ತುಣುಕುಗಳಾಗಿ ಮುಗಿಸಿದರೆ ಉಳಿಯುವುದು ಸೊನ್ನೆ. ಇದರ ಮರ್ಮ ಎರಡು ಎಂಬ ಘಾತದಲ್ಲಿದೆ. ಬಲವು ದೂರದ 2.1ನೇ ಘಾತಕ್ಕೆ ತಕ್ಕಂತೆ ಕುಗ್ಗುವುದಾಗಿದ್ದರೆ ಹತ್ತಿರದ ಗೋಡೆ ಗೆಲ್ಲುತ್ತಿತ್ತು, 1.9 ಆಗಿದ್ದರೆ ದೂರದ್ದು. ಎರಡೇ ಇದ್ದಾಗ ಮಾತ್ರ ಜಗ್ಗಾಟ ಸರಿಸಮ.

ಪ್ರೀಸ್ಟ್‌ಲಿಯ ವಾದದಲ್ಲಿ ಬಿರುಕುಗಳಿದ್ದವು. ಅವನ ಪಾತ್ರೆ ಗೋಳವಾಗಿರಲಿಲ್ಲ, ಮೇಲೆ ಬಾಯಿ ಬೇರೆ ತೆರೆದಿತ್ತು. ವಾಹಕದಲ್ಲಿ ಆವೇಶಗಳು ಒಂದನ್ನೊಂದು ನೂಕಿಕೊಂಡು ಹೊರಮೈಗೆ ಸರಿದು, ಒಳಗಿನ ಲೋಹದಲ್ಲಿ ಬಲವೇ ಉಳಿಯದಂತೆ ತಾವಾಗಿ ಹಂಚಿಕೊಳ್ಳುತ್ತವೆ, ಆದ್ದರಿಂದ ಮುಚ್ಚಿದ ಲೋಹದ ಪಾತ್ರೆ ಯಾವ ಆಕಾರದ್ದಾದರೂ ನಡೆಯುತ್ತದೆ ಎಂಬ ವಿವರಣೆ ಆಮೇಲಿನದು. ಪ್ರೀಸ್ಟ್‌ಲಿ ಊಹಿಸಿದ, ಊಹೆ ಸರಿಯಾಯಿತು.

ಕೀರ್ತಿ ಮಾತ್ರ ಫ್ರಾನ್ಸಿನ ಮಿಲಿಟರಿ ಎಂಜಿನಿಯರ್ ಶಾರ್ಲ್ ಕೂಲಂಬ್‌ನ ಪಾಲಾಯಿತು. ಕೆರಿಬಿಯನ್ನಿನ ಮಾರ್ಟಿನಿಕ್ ದ್ವೀಪದಲ್ಲಿ ಕೋಟೆ ಕಟ್ಟಿಸಿ ಆರೋಗ್ಯ ಕೆಡಿಸಿಕೊಂಡು ಬಂದಿದ್ದ ಈತ 1785ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಗೆ ತನ್ನ ತಿರುಚು ತಕ್ಕಡಿಯನ್ನು ಪರಿಚಯಿಸಿದ. ಗಾಜಿನ ಉರುಳೆಯೊಳಗೆ ಕೂದಲೆಳೆಯಂಥ ಬೆಳ್ಳಿ ತಂತಿ, ಅದಕ್ಕೆ ಅಡ್ಡಕಡ್ಡಿ, ಕಡ್ಡಿಯ ತುದಿಗೆ ಬೆಂಡಿನ ಗುಂಡು. ಪಕ್ಕದಲ್ಲಿ ಅಲುಗದ ಇನ್ನೊಂದು ಗುಂಡು. ಎರಡಕ್ಕೂ ಒಂದೇ ಬಗೆಯ ಆವೇಶ ಕೊಟ್ಟರೆ ದೂರ ಸರಿಯುತ್ತವೆ. ತಂತಿಯನ್ನು ಎಷ್ಟು ತಿರುಚಿದರೆ ಅವು ಮತ್ತೆ ಎಷ್ಟು ಹತ್ತಿರ ಬರುತ್ತವೆ ಎಂದು ನೋಡಬೇಕು. ವಿಕರ್ಷಣೆಯ ಬಗ್ಗೆ ಕೂಲಂಬ್ ಪ್ರಕಟಿಸಿದ್ದು ಮೂರೇ ಮೂರು ಅಳತೆಗಳನ್ನು. ಕೋನದಲ್ಲಿ ಅಳೆದ ಗುಂಡುಗಳ ಅಂತರ 36 ಡಿಗ್ರಿ ಇದ್ದಾಗ ತಿರುಚೂ 36 ಡಿಗ್ರಿ, 18 ಡಿಗ್ರಿಗೆ 144, 8.5 ಡಿಗ್ರಿಗೆ 575.5. ಮೊದಲ ಎರಡು ಕಣ್ಣಿಗೆ ಹಬ್ಬ: ಅಂತರ ಅರ್ಧ, ಬಲ ನಾಲ್ಕು ಪಟ್ಟು. ಮೂರನೆಯದರಲ್ಲಿ ಸ್ವಲ್ಪ ಎಡವಟ್ಟಿದೆ. 575.5 ಎಂಬುದು 36ರ ಹದಿನಾರು ಪಟ್ಟಿಗೆ ಕೂದಲೆಳೆಯಷ್ಟು ಕಡಿಮೆ, ಅಂದರೆ 9 ಡಿಗ್ರಿಗೆ ಒಪ್ಪುವ ಸಂಖ್ಯೆ. ಅಂತರ ನಿಜವಾಗಿ 8.5 ಆಗಿದ್ದರೆ ಸುಮಾರು 646 ಬರಬೇಕಿತ್ತು. ಅಳತೆ ನಡೆಯುತ್ತಿರುವಾಗಲೇ ಆವೇಶ ಗಾಳಿಗೆ ಸೋರುತ್ತಿರುತ್ತದೆ, ಆ ಕೊರತೆಯನ್ನು ಅದರ ಲೆಕ್ಕಕ್ಕೆ ಹಾಕಬಹುದು. ಆದರೂ ಇಷ್ಟರ ಮೇಲೆ ಒಂದು ವಿಶ್ವನಿಯಮ ಕಟ್ಟಬೇಕಾದರೆ ಧೈರ್ಯ ಬೇಕು. 1990ರ ದಶಕದಲ್ಲಿ ಜರ್ಮನಿಯ ಪೀಟರ್ ಹೀರಿಂಗ್ ಅದೇ ಬಗೆಯ ತಕ್ಕಡಿ ಮಾಡಿಸಿ ಪ್ರಯೋಗಿಸಿದಾಗ ಕೂಲಂಬ್‌ನ ಸಂಖ್ಯೆಗಳು ಸಿಗಲಿಲ್ಲ. ಮುಂದೆ ಅಲ್ಬರ್ಟೊ ಮಾರ್ಟಿನೆಜ್ ಮಾಡಿದಾಗ ಸಿಕ್ಕವು. ಕೂಲಂಬ್ ಮೋಸ ಮಾಡಿದನೆಂದು ನಾನು ನಂಬುವುದಿಲ್ಲ. ಆ ಉಪಕರಣದ ಹುಚ್ಚಾಟವೇ ಅಂಥದ್ದು.

ತಮಾಷೆಯೆಂದರೆ ಅಳೆಯಲು ಇಷ್ಟು ಪರದಾಟ ಬೇಕಾದ ಬಲ ದುರ್ಬಲವೇನಲ್ಲ. ಒಂದು ಮೀಟರ್ ಅಂತರದಲ್ಲಿ ಒಂದೊಂದು ಕೂಲಂಬ್ ಆವೇಶ ಇರಿಸಲು ಸಾಧ್ಯವಾದರೆ ಅವುಗಳ ನಡುವಿನ ಬಲ 900 ಕೋಟಿ ನ್ಯೂಟನ್, ಹೆಚ್ಚುಕಡಿಮೆ ಒಂಬತ್ತು ಲಕ್ಷ ಟನ್ನಿನ ಭಾರ. ಆದರೆ ಅಷ್ಟು ಆವೇಶವನ್ನು ಒಂದು ಗುಂಡಿನ ಮೇಲೆ ಕೂಡಿಡಲಾಗದು. ಅದಕ್ಕೆ ಎಷ್ಟೋ ಮೊದಲೇ ಸುತ್ತಲಿನ ಗಾಳಿ ಸಿಡಿದು ಕಿಡಿಯಾಗುತ್ತದೆ. ಬೆಂಡಿನ ಮೇಲೆ ನಿಲ್ಲುವುದು ಅದರ ಕೋಟಿಯ ಒಂದು ಪಾಲಿಗಿಂತಲೂ ಎಷ್ಟೋ ಕಡಿಮೆ, ಅದೂ ಕ್ಷಣಕ್ಷಣಕ್ಕೂ ಕರಗುತ್ತ.

ಈ ಪರದಾಟವನ್ನು ಪೂರ್ತಿ ಬದಿಗಿಡುವ ದಾರಿಯನ್ನು ಕೂಲಂಬ್‌ಗಿಂತ ಹನ್ನೆರಡು ವರ್ಷ ಮೊದಲೇ ಒಬ್ಬ ಕಂಡುಹಿಡಿದು, ಬರೆದು, ಯಾರಿಗೂ ಹೇಳದೆ ಇಟ್ಟುಬಿಟ್ಟಿದ್ದ. ಹೆನ್ರಿ ಕ್ಯಾವೆಂಡಿಷ್ ಡ್ಯೂಕ್‌ಗಳ ಮೊಮ್ಮಗ, ಮಹಾ ಶ್ರೀಮಂತ, ಮಹಾ ಮೌನಿ. ಹೆಂಗಸರನ್ನು ಕಂಡರೆ ಎಷ್ಟು ಸಂಕೋಚವೆಂದರೆ ಮನೆಗೆಲಸದವಳಿಗೆ ಊಟದ ವಿಷಯ ಹೇಳಬೇಕಾದರೂ ಚೀಟಿ ಬರೆದಿಡುತ್ತಿದ್ದನಂತೆ. 1772–73ರಲ್ಲಿ ಲಂಡನ್ನಿನಲ್ಲಿ ಅವನು ಹನ್ನೆರಡು ಅಂಗುಲ ವ್ಯಾಸದ ಗೋಳವೊಂದನ್ನು ಗಾಜಿನ ಕಡ್ಡಿಯ ಮೇಲೆ ಕೂರಿಸಿದ. ಅದರ ಸುತ್ತ, ಮುಟ್ಟದಂತೆ, ರಟ್ಟಿನಿಂದ ಮಾಡಿ ತವರದ ಹಾಳೆ ಹೊದಿಸಿದ ಎರಡು ಅರ್ಧಗೋಳಗಳನ್ನು ಮುಚ್ಚಿದ. ಒಳಗೋಳಕ್ಕೂ ಹೊರಚಿಪ್ಪಿಗೂ ತಂತಿಯ ಸಂಪರ್ಕ ಕೊಟ್ಟು ಹೊರಗಿನಿಂದ ಆವೇಶ ತುಂಬಿದ. ರೇಷ್ಮೆ ದಾರದಿಂದ ತಂತಿ ಎಳೆದು ತೆಗೆದ, ಅರ್ಧಗೋಳಗಳನ್ನು ಬಿಚ್ಚಿದ, ಒಳಗೋಳಕ್ಕೆ ಬೆಂಡಿನ ಗುಂಡುಗಳ ಜೋಡಿಯನ್ನು ತಗುಲಿಸಿದ. ಗುಂಡುಗಳು ಬೇರ್ಪಡಲಿಲ್ಲ. ಒಳಗೋಳಕ್ಕೆ ಆವೇಶ ಹರಿದಿರಲಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ಅವನೂ ಪ್ರೀಸ್ಟ್‌ಲಿಯಷ್ಟೇ. ಕ್ಯಾವೆಂಡಿಷ್ ಮುಂದಿನ ಪ್ರಶ್ನೆ ಕೇಳಿದ: ಸೊನ್ನೆ ಎಂದರೆ ಎಷ್ಟು ಸೊನ್ನೆ? ಒಳಗೋಳಕ್ಕೆ ಬೇಕೆಂದೇ ಚೂರು ಆವೇಶ ಕೊಟ್ಟು, ಗುಂಡುಗಳು ಅಲುಗಲು ಎಷ್ಟು ಸಾಕು ಎಂದು ಪರೀಕ್ಷಿಸಿದ. ಹೊರಚಿಪ್ಪಿನ ಆವೇಶದ ಅರವತ್ತರಲ್ಲಿ ಒಂದು ಪಾಲು ಒಳಗಿದ್ದಿದ್ದರೂ ತಿಳಿಯುತ್ತಿತ್ತು. ಅದನ್ನು ಘಾತದ ಭಾಷೆಗೆ ತಿರುಗಿಸಿದಾಗ, 2ರಿಂದ ಐವತ್ತರಲ್ಲಿ ಒಂದಕ್ಕಿಂತ ಹೆಚ್ಚು ಆಚೀಚೆ ಹೋಗುವಂತಿಲ್ಲ ಎಂದು ಬಂತು.

ಕಿರಾಣಿ ಅಂಗಡಿಯಲ್ಲಿ ಬೆಲ್ಲ ತೂಗುವಾಗ ತಪ್ಪಲು ನೂರು ದಾರಿ, ಖಾಲಿ ತಕ್ಕಡಿಯ ಮುಳ್ಳು ನೆಟ್ಟಗಿದೆಯೇ ಎಂದು ನೋಡುವುದರಲ್ಲಿ ಅಷ್ಟಿಲ್ಲ. ಕ್ಯಾವೆಂಡಿಷ್ ಮಾಡಿದ್ದು ಎರಡನೆಯದನ್ನು. ಆವೇಶ ನಿಖರವಾಗಿ ಎಷ್ಟಿತ್ತು, ಗುಂಡುಗಳ ನಡುವಿನ ಅಂತರ ಎಷ್ಟು, ತಂತಿ ಎಷ್ಟು ತಿರುಚಿತು, ಇವ್ಯಾವುದರ ಗೋಜೂ ಇಲ್ಲ. ಆವೇಶ ಹೆಚ್ಚಿಸಿದಷ್ಟೂ, ಪತ್ತೆ ಹಚ್ಚುವ ಸಾಧನ ಸೂಕ್ಷ್ಮವಾದಷ್ಟೂ ಸೊನ್ನೆ ಬಿಗಿಯಾಗುತ್ತ ಹೋಗುತ್ತದೆ. ನನ್ನ ಮಟ್ಟಿಗೆ ಹದಿನೆಂಟನೇ ಶತಮಾನದ ಅತಿ ಜಾಣ ಪ್ರಯೋಗ ಇದು. ಅದು ನೂರು ವರ್ಷ ಕಾಗದದ ಕಟ್ಟುಗಳಲ್ಲಿ ಬಿದ್ದಿತ್ತು. ಕೇಂಬ್ರಿಜ್‌ನ ಕ್ಯಾವೆಂಡಿಷ್ ಪ್ರಯೋಗಶಾಲೆಯ ಮೊದಲ ಪ್ರಾಧ್ಯಾಪಕ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಆ ಕಟ್ಟುಗಳನ್ನು ಬಿಚ್ಚಿ, ಸಂಪಾದಿಸಿ 1879ರಲ್ಲಿ ಪ್ರಕಟಿಸಿದ. ಅದೇ ವರ್ಷದ ನವೆಂಬರ್‌ನಲ್ಲಿ ತೀರಿಕೊಂಡ. ಅದಕ್ಕೂ ಮೊದಲು ಡೊನಾಲ್ಡ್ ಮ್ಯಾಕ್‌ಅಲಿಸ್ಟರ್ ಕೈಯಲ್ಲಿ ಪ್ರಯೋಗವನ್ನು ಹೊಸ ಉಪಕರಣಗಳಿಂದ ಮತ್ತೆ ಮಾಡಿಸಿದ್ದ. ಐವತ್ತರಲ್ಲಿ ಒಂದು ಇದ್ದದ್ದು 21,600ರಲ್ಲಿ ಒಂದಕ್ಕೆ ಇಳಿಯಿತು.

ಕ್ಯಾವೆಂಡಿಷ್‌ಗೂ ಮ್ಯಾಕ್ಸ್‌ವೆಲ್‌ಗೂ ನಡುವಿನ ಕಾಲದಲ್ಲಿ ಇದೇ ಸೊನ್ನೆಯೊಳಗೆ ಹೊಕ್ಕು ಕೂತವನು ಮೈಕೆಲ್ ಫ್ಯಾರಡೆ. 1836ರ ಜನವರಿಯಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಹನ್ನೆರಡು ಅಡಿ ಉದ್ದಗಲ ಎತ್ತರದ ಮರದ ಚೌಕಟ್ಟು ಕಟ್ಟಿಸಿ, ತಂತಿ, ಕಾಗದ, ತವರದ ಹಾಳೆ ಸುತ್ತಿಸಿದ. ಹೊರಮೈಯಿಂದ ಕಿಡಿ ಹಾರುವಷ್ಟು ಆವೇಶ ತುಂಬಿಸಿ, ಉರಿವ ಮೇಣದಬತ್ತಿ, ಎಲೆಕ್ಟ್ರೋಮೀಟರುಗಳ ಸಮೇತ ತಾನು ಒಳಗಿದ್ದ. ಒಳಗೆ ಯಾವುದಕ್ಕೂ ಏನೂ ಆಗಲಿಲ್ಲ. ಗಣಿತ ಬಾರದ ಈ ಮಾಜಿ ಬುಕ್‌ಬೈಂಡರ್‌ಗೆ ಆವೇಶ ಆವೇಶವನ್ನು ದೂರದಿಂದಲೇ ಮುಟ್ಟುತ್ತದೆ ಎಂಬ ಮಾತು ರುಚಿಸುತ್ತಿರಲಿಲ್ಲ. ನಡುವಿನ ಜಾಗದಲ್ಲೇ ಏನೋ ನಡೆಯುತ್ತಿರಬೇಕು ಎಂದು ಬಲರೇಖೆಗಳನ್ನು ಕಲ್ಪಿಸಿಕೊಂಡ. ಇವತ್ತಿನ ‘ಕ್ಷೇತ್ರ’ದ ಹುಟ್ಟು ಅಲ್ಲಿದೆ. ಸಿಡಿಲಿನಲ್ಲಿ ಮುಚ್ಚಿದ ಕಾರಿನೊಳಗೆ ಕೂತವರು ಕ್ಷೇಮವಾಗಿರುವುದೂ ಇದೇ ಕಾರಣಕ್ಕೆ. ರಬ್ಬರ್ ಟೈರಿನಿಂದ ಅಂತ ಇನ್ನೂ ಹೇಳುವವರಿದ್ದಾರೆ; ಕಿಲೋಮೀಟರುಗಟ್ಟಲೆ ಗಾಳಿಯನ್ನು ಸೀಳಿ ಬಂದ ಸಿಡಿಲಿಗೆ ಗೇಣುದ್ದದ ಟೈರ್ ಯಾವ ಲೆಕ್ಕ? ಕಾಯುವುದು ಸುತ್ತಲಿನ ಲೋಹ.

ಇಪ್ಪತ್ತನೇ ಶತಮಾನದಲ್ಲಿ ಚಿಪ್ಪುಗಳು ಹೆಚ್ಚಿದವು, ಬೆಂಡಿನ ಗುಂಡುಗಳ ಜಾಗಕ್ಕೆ ಎಲೆಕ್ಟ್ರಾನಿಕ್ಸ್ ಬಂತು. 1936ರಲ್ಲಿ ಅಮೆರಿಕದ ಪ್ಲಿಂಪ್ಟನ್ ಮತ್ತು ಲಾಟನ್, ಘಾತ 2ರಿಂದ ನೂರು ಕೋಟಿಯಲ್ಲಿ ಎರಡು ಪಾಲಿಗಿಂತ ಹೆಚ್ಚು ಸರಿಯುವುದಿಲ್ಲ ಎಂದು ತೋರಿಸಿದರು. 1971ರಲ್ಲಿ ವಿಲಿಯಮ್ಸ್, ಫಾಲರ್, ಹಿಲ್ ಎಂಬ ಮೂವರು ಒಂದರೊಳಗೊಂದು ಐದು ಲೋಹದ ಚಿಪ್ಪುಗಳನ್ನಿಟ್ಟು, ಹೊರಗಿನವಕ್ಕೆ ಸೆಕೆಂಡಿಗೆ 40 ಲಕ್ಷ ಸಲ ತೊನೆಯುವ 10 ಸಾವಿರ ವೋಲ್ಟ್ ಕೊಟ್ಟು ಒಳಗೆ ಕಿವಿಯಿಟ್ಟರು. ಅವರಿಗೆ ಸಿಕ್ಕ ವ್ಯತ್ಯಾಸ ದಶಮಾಂಶದ ನಂತರ ಹದಿನೈದು ಸೊನ್ನೆ ಬಿಟ್ಟು 27. ಅಳತೆಯ ಅನಿಶ್ಚಿತತೆ ಅದೇ ಜಾಗದಲ್ಲಿ 31. ಎಂದರೆ ಸಿಕ್ಕದ್ದಕ್ಕಿಂತ ಸಂಶಯವೇ ದೊಡ್ಡದು. ವ್ಯತ್ಯಾಸ ಇಲ್ಲವೆಂದೇ ಓದಬೇಕು.

ಇಷ್ಟು ಹಟ ಯಾಕೆಂದರೆ, ಘಾತ 2ರಿಂದ ಚೂರು ಜಾರಿದರೂ ಬೆಳಕಿನ ಕಣ ಫೋಟಾನ್‌ಗೆ ದ್ರವ್ಯರಾಶಿ ಇದೆ ಎಂದಾಗಬಹುದು. ಆಗ ಕೆಂಪು ಬೆಳಕೂ ನೀಲಿ ಬೆಳಕೂ ನಿರ್ವಾತದಲ್ಲಿ ಒಂದೇ ವೇಗದಲ್ಲಿ ಓಡುವುದಿಲ್ಲ. ಆ ಐದು ಚಿಪ್ಪುಗಳ ಪ್ರಕಾರ ಫೋಟಾನ್‌ಗೆ ದ್ರವ್ಯರಾಶಿ ಇದ್ದರೂ ಎಲೆಕ್ಟ್ರಾನಿನದರ ಲಕ್ಷ ಕೋಟಿ ಕೋಟಿಯ ಒಂದು ಪಾಲಿಗಿಂತ ಕಡಿಮೆ. ಆದರೆ ದಾಖಲೆ ಹೆಚ್ಚು ಕಾಲ ಉಳಿಯಲಿಲ್ಲ. 1973ರ ಡಿಸೆಂಬರ್‌ನಲ್ಲಿ ಪಯೊನೀರ್ 10 ನೌಕೆ ಗುರುಗ್ರಹದ ಪಕ್ಕದಲ್ಲಿ ಹಾದುಹೋಗುವಾಗ ಅದರ ಕಾಂತಕ್ಷೇತ್ರವನ್ನು ಅಳೆಯಿತು. ಆ ಕ್ಷೇತ್ರ ದೂರ ಹೋದಂತೆ ಕುಗ್ಗುವ ರೀತಿಯಿಂದ 1975ರಲ್ಲಿ ಲೆಕ್ಕ ಹಾಕಿದಾಗ ಮಿತಿ ಇನ್ನೂ ಇಪ್ಪತ್ತು ಪಟ್ಟು ಕೆಳಗಿಳಿಯಿತು.