ಮೇಲಧಿಕಾರಿಯ ಸಿಡುಕೂ ಕೆಳಗಿನವನ ದೇಹವೂ

ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ದೇವಾಲಯದ ಮುಂದೆ ಒಂದು ಶಿಲಾಸ್ತಂಭವಿದೆ. ಅದರ ಮೇಲೆ 5ನೆಯ ಶತಮಾನದಲ್ಲಿ ಕುಬ್ಜನೆಂಬ ಕವಿಯು ರಚಿಸಿದ ಸಂಸ್ಕೃತ ಶಾಸನವುಂಟು. ವಿದ್ಯಾಭ್ಯಾಸಕ್ಕಾಗಿ ಕಂಚಿಗೆ ಹೋದ ಮಯೂರಶರ್ಮನಿಗೆ ಅಲ್ಲಿ ಪಲ್ಲವರ ಅಶ್ವಸೈನಿಕನೊಡನೆ ಕಲಹವಾಯಿತೆಂದೂ, ಅವಮಾನದಿಂದ ಕೆರಳಿದ ಆತನು ಕತ್ತಿ ಹಿಡಿದು ರಾಜ್ಯವನ್ನೇ ಗಳಿಸಿದನೆಂದೂ ಅದು ತಿಳಿಸುತ್ತದೆ. ಕದಂಬ ವಂಶದ ಆರಂಭವೇ ಇದು.

ಆದರೆ ಇಂದು ಶಿಕಾರಿಪುರ, ಸೊರಬಗಳಿಂದ ಶಿವಮೊಗ್ಗೆಗೋ ಬೆಂಗಳೂರಿಗೋ ಕೆಲಸಕ್ಕೆ ಹೋಗುವ ತರುಣನು ಕತ್ತಿ ಹಿಡಿಯಲಾರನು. ಮನೆಯವರು ಅವನ ಸಂಬಳವನ್ನೇ ನೆಚ್ಚಿರುತ್ತಾರೆ. ಮೇಲಧಿಕಾರಿಯು ಹತ್ತು ಜನರೆದುರಿಗೆ ಹೀಯಾಳಿಸಿದರೂ ಆತನು ಕೋಪವನ್ನು ನುಂಗಿಕೊಳ್ಳಬೇಕಾಗುತ್ತದೆ. ಹೀಗೆ ನುಂಗಿದ ಕೋಪವು ದೇಹದಲ್ಲಿ ಏನಾಗುತ್ತದೆ?

ಅಪಾಯ ಎದುರಾದಾಗ ಪ್ರಾಣಿಯು ಹೋರಾಡಲು ಅಥವಾ ಓಡಿಹೋಗಲು ಸಿದ್ಧವಾಗುತ್ತದೆಂಬುದನ್ನು ಅಮೆರಿಕದ ವಾಲ್ಟರ್ ಕ್ಯಾನನ್ 1915ರಲ್ಲಿ ವಿವರಿಸಿದನು. ಮೂತ್ರಪಿಂಡಗಳ ನೆತ್ತಿಯ ಮೇಲಿರುವ ಅಡ್ರೀನಲ್ ಗ್ರಂಥಿಗಳು ಅಡ್ರೀನಲಿನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತವೆ. ಎದೆಬಡಿತವು ತೀವ್ರವಾಗುತ್ತದೆ, ರಕ್ತದಲ್ಲಿ ಸಕ್ಕರೆ ಏರುತ್ತದೆ. ಕಾಡಿನ ಹುಲಿ ದೂರವಾದೊಡನೆ ಜಿಂಕೆಯ ದೇಹವು ಶಾಂತವಾಗುತ್ತದೆ. ಕ್ರೂರ ಮೇಲಧಿಕಾರಿಯಾದರೋ ದಿನವೂ ಬೆಳಿಗ್ಗೆ 10 ಗಂಟೆಗೆ ಬರುವ ಹುಲಿ! ಕ್ಷಣಮಾತ್ರದ ರಕ್ಷಣೆಗೆಂದು ಇರುವ ಏರ್ಪಾಡು ತಿಂಗಳುಗಟ್ಟಲೆ ನಡೆದರೆ ನಿದ್ರೆ ಕೆಡುತ್ತದೆ, ರಕ್ತದೊತ್ತಡ ಹೆಚ್ಚಬಹುದು. ಸತತವಾಗಿ ಪೀಡೆಗೊಳಗಾದ ಇಲಿಗಳಲ್ಲಿ ಅಡ್ರೀನಲ್ ಗ್ರಂಥಿಗಳು ಊದಿಕೊಂಡು ಜಠರದಲ್ಲಿ ಹುಣ್ಣುಗಳೇಳುವುದನ್ನು ಹ್ಯಾನ್ಸ್ ಸೆಲ್ಯೆ 1936ರಲ್ಲಿ ಪ್ರಕಟಿಸಿದನು.

ಹೊಣೆ ಹೆಚ್ಚಿದಷ್ಟೂ ಹೃದ್ರೋಗ ಹೆಚ್ಚೆಂದು ಜನರು ಭಾವಿಸುವುದುಂಟು. 1967ರಲ್ಲಿ ಲಂಡನ್ನಿನ ಸರ್ಕಾರಿ ನೌಕರರಲ್ಲಿ ಆರಂಭವಾದ ವೈಟ್‌ಹಾಲ್ ಅಧ್ಯಯನವು ಇದನ್ನು ತಲೆಕೆಳಗು ಮಾಡಿತು. ಹೃದ್ರೋಗದ ಸಾವು ಉನ್ನತ ಅಧಿಕಾರಿಗಳಿಗಿಂತ ಅತ್ಯಂತ ಕೆಳದರ್ಜೆಯವರಲ್ಲಿ ಸುಮಾರು ಮೂರು ಪಟ್ಟು ಹೆಚ್ಚಾಗಿತ್ತು. ಧೂಮಪಾನವೇ ಮೊದಲಾದ ಕಾರಣಗಳು ಈ ಅಂತರದ ಒಂದು ಭಾಗವನ್ನಷ್ಟೇ ವಿವರಿಸಿದವು. 1985ರಲ್ಲಿ ತೊಡಗಿದ ಎರಡನೆಯ ಅಧ್ಯಯನವು, ತಮ್ಮ ಕೆಲಸದ ಮೇಲೆ ತಮಗೇ ಹಿಡಿತವಿಲ್ಲದವರಲ್ಲಿ ಹೃದ್ರೋಗ ಹೆಚ್ಚೆಂದು ತೋರಿಸಿತು. ದುಡಿಮೆಯೊಂದೇ ದೇಹವನ್ನು ಕೆಡಿಸುವುದಿಲ್ಲ. ದುಡಿಮೆಯೊಡನೆ ನಿರುಪಾಯತೆ ಸೇರಿದಾಗ ಕೇಡು ಹೆಚ್ಚುತ್ತದೆ.

ಇಲ್ಲಿ ಒಂದು ವಿವೇಚನೆ ಅಗತ್ಯ. ಕಟ್ಟುನಿಟ್ಟಿನ ಅಧಿಕಾರಿಯೆಲ್ಲ ಕ್ರೂರಿಯಲ್ಲ. ಕಟ್ಟುನಿಟ್ಟಿನವನು ಕೆಲಸದ ತಪ್ಪನ್ನು ತೋರಿಸುತ್ತಾನೆ. ಕ್ರೂರಿಯು ಕೆಲಸಗಾರನನ್ನೇ ಹಳಿಯುತ್ತಾನೆ. ಮೊದಲನೆಯವನ ಅಳತೆಗೋಲು ಸ್ಥಿರ, ಎರಡನೆಯವನದು ದಿನಕ್ಕೊಂದು.

ಹಾಗಾದರೆ ಉಪಾಯವೇನು? ಕಳೆದುಹೋದ ಹಿಡಿತವನ್ನು ಅಲ್ಪಸ್ವಲ್ಪವಾದರೂ ಮರಳಿ ಪಡೆಯುವುದು. ಬಾಯಿಮಾತಿನ ಆಜ್ಞೆಯನ್ನು ಬರಹದಲ್ಲಿ ದೃಢಪಡಿಸಿಕೊಳ್ಳಬೇಕು. ನಡೆದುದನ್ನು ದಿನಾಂಕ, ಆಡಿದ ಮಾತು, ಸಾಕ್ಷಿಗಳೊಡನೆ ಗುರುತು ಹಾಕಿಡಬೇಕು. ಒಬ್ಬನೇ ಕೊರಗದೆ ಸಹೋದ್ಯೋಗಿಗಳೊಡನೆ ಮಾತನಾಡಬೇಕು. ಒಬ್ಬನ ದೂರಿಗಿಂತ ಐವರ ದೂರಿಗೆ ತೂಕ ಹೆಚ್ಚು. ಬಳಿಕ ಕಾರ್ಮಿಕ ಸಂಘಕ್ಕೋ ಇನ್ನೂ ಮೇಲಿನವರಿಗೋ ತಿಳಿಸಬಹುದು. ಸ್ತ್ರೀಯರ ಮೇಲಿನ ಲೈಂಗಿಕ ಕಿರುಕುಳದ ವಿಷಯದಲ್ಲಿ, 10 ಅಥವಾ ಹೆಚ್ಚು ನೌಕರರುಳ್ಳ ಪ್ರತಿಯೊಂದು ಕೆಲಸದ ಸ್ಥಳದಲ್ಲಿಯೂ ದೂರು ವಿಚಾರಿಸುವ ಆಂತರಿಕ ಸಮಿತಿ ಇರಬೇಕೆಂದು 2013ರ ಕಾಯಿದೆ ವಿಧಿಸುತ್ತದೆ.

ಇವುಗಳಿಂದ ಅಧಿಕಾರಿಯ ಸ್ವಭಾವವು ಬದಲಾಗದೆ ಹೋಗಬಹುದು. ನಿದ್ರೆ, ಊಟಗಳು ಕೆಟ್ಟರೆ ವೈದ್ಯನನ್ನು ಕಾಣಬೇಕು. ಬೇರೆ ಕೆಲಸವನ್ನು ಹುಡುಕಿಕೊಂಡು ಹೊರಡುವುದು ಹೇಡಿತನವಲ್ಲ.

ವಿದ್ಯಾರ್ಥಿಗಳಾದ ನಿಮ್ಮಲ್ಲಿ ಹಲವರು ಮುಂದೊಂದು ದಿನ ಮೇಲಧಿಕಾರಿಗಳಾಗುವಿರಿ. ಕೆಲಸ ಮಾಡುವವನಿಗೆ ಅದನ್ನು ಮಾಡುವ ಬಗೆಯಲ್ಲಿ ತುಸು ಸ್ವಾತಂತ್ರ್ಯ ಕೊಡುವುದು ಬರಿಯ ಸೌಜನ್ಯವಲ್ಲ, ಅವನ ಹೃದಯದ ರಕ್ಷಣೆಯೂ ಹೌದೆಂಬುದನ್ನು ಆಗ ನಾವು ಯಾರೂ ಮರೆಯಬಾರದು.